ಐದೂವರೆಗೆ ಮುಂಚಿನ ಹಾಲು: ಎಐ ಸಹಾಯಕಕ್ಕೆ ಕೋಡ್ ನಿಯಮ ಹಾಕಿದ ಒಂದು ಪ್ರಕರಣ

ಹಳ್ಳಿ ಡೇರಿಗಳ ಲೆಕ್ಕ ಇಡುವ ಒಂದು ಸಾಫ್ಟ್‌ವೇರ್‌ನ ಪ್ರಕರಣ ಇದು. ಹಾಲು ಉತ್ಪಾದಕರ ಸಂಘಕ್ಕೆ ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ ಹಾಲು ಬರುತ್ತದೆ. ಪ್ರತಿ ಸದಸ್ಯರ ಹಾಲನ್ನು ಅಳೆಯಬೇಕು. ಫ್ಯಾಟ್ ಮತ್ತು ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಹಾಲಿನಲ್ಲಿರುವ ಘನಾಂಶ) ನೋಡಬೇಕು. ದರಪಟ್ಟಿಯ ಪ್ರಕಾರ ದುಡ್ಡು ಬರೆಯಬೇಕು. ಬಟವಾಡೆ ದಿನ ಎಲ್ಲರ ಬಿಲ್ಲೂ ತಾಳೆ ಆಗಬೇಕು. ಕೋಡ್ ಪೈಥಾನ್‌ನಲ್ಲಿದೆ, ಜ್ಯಾಂಗೊ ಎಂಬ ವೆಬ್ ಚೌಕಟ್ಟಿನ ಮೇಲೆ ಕಟ್ಟಿದ್ದು. ಬರೆಯುವವರು ನಾಲ್ಕು ಜನರ ತಂಡ. ಅದರಲ್ಲಿ ಕೋಡ್ ರಿವ್ಯೂ ನನ್ನ ಪಾಲಿನ ಕೆಲಸ.

ತಂಡಕ್ಕೆ ಎಐ ಕೋಡಿಂಗ್ ಸಹಾಯಕ ಬಂದ ಮೇಲೆ ಕೋಡ್ ಬರುವ ವೇಗ ಜಾಸ್ತಿ ಆಯಿತು. ಓದುವವರ ವೇಗ ಮಾತ್ರ ಮೊದಲಿನಷ್ಟೇ ಇತ್ತು. ಪುಲ್ ರಿಕ್ವೆಸ್ಟ್‌ಗಳು, ಅಂದರೆ ಸೇರಿಸಲು ಒಪ್ಪಿಗೆ ಕೇಳಿ ಬರುವ ಬದಲಾವಣೆಗಳು, ಉದ್ದವಾದವು. ಆ ಕೋಡ್ ನೋಡಲು ಚೆನ್ನಾಗಿರುತ್ತದೆ. ಹೆಸರುಗಳು ಅಚ್ಚುಕಟ್ಟು, ಕಾಮೆಂಟ್ ಇದೆ, ಟೆಸ್ಟೂ ಇದೆ. ನಿಜವಾದ ಕಷ್ಟ ಅಲ್ಲೇ ಶುರುವಾಗುವುದು. ಹೊಸಬರೊಬ್ಬರು ತಪ್ಪು ಮಾಡಿದ್ದರೆ ಸುತ್ತಮುತ್ತ ಸುಳಿವು ಸಿಗುತ್ತದೆ. ಒಂದು ಗೊಂದಲದ ಹೆಸರು, ಅರ್ಧಕ್ಕೆ ಬಿಟ್ಟ ಫಂಕ್ಷನ್, ಏನೋ ಒಂದು. ಎಐ ಬರೆದ ತಪ್ಪಿನ ಪಕ್ಕದಲ್ಲಿ ಅಂಥ ಸುಳಿವು ಇರುವುದಿಲ್ಲ. ಸರಿಯಾದ ಸಾಲೂ ತಪ್ಪು ಸಾಲೂ ಒಂದೇ ಥರ ಕಾಣುತ್ತವೆ.

ರಿವ್ಯೂನಲ್ಲಿ ಮತ್ತೆ ಮತ್ತೆ ಬರೆಯುತ್ತಿದ್ದ ಮಾತುಗಳು ಬೆರಳೆಣಿಕೆಯಷ್ಟೇ. ಎಕ್ಸೆಪ್ಷನ್ (ಪ್ರೋಗ್ರಾಂ ಓಡುವಾಗ ಏಳುವ ದೋಷ) ಹಿಡಿದು ಸುಮ್ನೆ ನುಂಗಬೇಡ. ಡೇಟಾಬೇಸ್‌ಗೆ ಕಳಿಸುವ ಎಸ್‌ಕ್ಯೂಎಲ್ ಸಾಲನ್ನು ಸ್ಟ್ರಿಂಗ್ (ಪಠ್ಯದ ತುಣುಕು) ಜೋಡಿಸಿ ಕಟ್ಟಬೇಡ. ದುಡ್ಡಿಗೆ ಫ್ಲೋಟ್ (ದಶಮಾಂಶವನ್ನು ಅಂದಾಜಿನಲ್ಲಿ ಇಡುವ ಅಂಕಿ) ಬೇಡ. ಸದಸ್ಯರ ಹೆಸರನ್ನು ಅಕ್ಷರ ಎಣಿಸಿ ಕತ್ತರಿಸಬೇಡ. ಕೇಳದೆ ಹೊಸ ಲೈಬ್ರರಿ ಸೇರಿಸಬೇಡ. ಇದನ್ನೆಲ್ಲ ಮನುಷ್ಯರು ಪ್ರತಿ ಸಲ ಬರೆಯುವುದರಲ್ಲಿ ಅರ್ಥ ಇಲ್ಲ, ಅಲ್ವಾ? ಕೆಲಸ ಶುರುವಾದದ್ದು ಇಲ್ಲಿಂದ.

ಸೂಚನೆಯ ಕಡತ ಎಷ್ಟು ದೂರ ಬರುತ್ತದೆ

ಇಂಥ ಸಹಾಯಕಗಳಿಗೆಲ್ಲ ಒಂದು ಸೂಚನೆಯ ಕಡತ ಕೊಡಬಹುದು. ಕ್ಲಾಡ್ ಕೋಡ್‌ಗೆ ಕ್ಲಾಡ್ ಡಾಟ್ ಎಂಡಿ, ಕರ್ಸರ್‌ಗೆ ರೂಲ್ಸ್ ಫೋಲ್ಡರ್, ಗಿಟ್‌ಹಬ್ ಕೋಪೈಲಟ್‌ಗೆ ಅದರದೇ ಇನ್‌ಸ್ಟ್ರಕ್ಷನ್ಸ್ ಕಡತ. ಹಲವು ಉಪಕರಣಗಳು ಓದುವ ಏಜೆಂಟ್ಸ್ ಡಾಟ್ ಎಂಡಿ ಎಂಬುದೂ ಇದೆ. ನಮ್ಮ ತಂಡದಲ್ಲಿ ಮೊದಲು ಬರೆದದ್ದು ಅಂಥ ಒಂದು ಕಡತ. ಕೆಲವು ವಿಷಯಕ್ಕೆ ಅದು ಚೆನ್ನಾಗಿ ಕೆಲಸ ಮಾಡಿತು. ಯಾವ ಫೋಲ್ಡರ್‌ನಲ್ಲಿ ಏನಿದೆ, ಟೆಸ್ಟ್ ಓಡಿಸುವ ಆಜ್ಞೆ ಯಾವುದು, ಡೇರಿಯ ಮಾತಿನಲ್ಲಿ ಪಾಳಿ ಎಂದರೆ ಏನು, ಬಟವಾಡೆ ಎಂದರೆ ಏನು. ಇವು ಸಹಾಯಕಕ್ಕೆ ಗೊತ್ತಿರಬೇಕಾದ ಸಂಗತಿಗಳು. ತಿಳಿಸಿದರೆ ಸಾಕು.

'ಎಂದೂ ಮಾಡಬೇಡ' ಎಂಬ ಥರದ ಸಾಲುಗಳು ಮಾತ್ರ ನಿಲ್ಲಲಿಲ್ಲ. ಇದಕ್ಕೆ ಎರಡು ಕಾರಣ ಕಾಣುತ್ತವೆ. ಒಂದು, ಆ ಕಡತ ಸಹಾಯಕದ ಮುಂದಿರುವ ಪಠ್ಯದ ಒಂದು ಭಾಗ ಮಾತ್ರ. ಕೆಲಸ ಉದ್ದವಾದಂತೆ ನೂರಾರು ಸಾಲು ಕೋಡ್, ಎರರ್, ಟೆಸ್ಟ್ ಫಲಿತಾಂಶ ಅದರ ಪಕ್ಕ ಬಂದು ಕೂರುತ್ತವೆ. ಮೊದಲು ಹೇಳಿದ ಮಾತಿನ ಬಲ ಕಡಿಮೆ ಆಗುತ್ತದೆ. ಎರಡನೆಯದು ಇನ್ನೂ ದೊಡ್ಡದು. ಸಹಾಯಕ ಸುತ್ತಲಿನ ಕೋಡ್ ನೋಡಿ ಅದರಂತೆಯೇ ಬರೆಯುತ್ತದೆ. ಹಳೆ ಬಿಲ್ಲಿಂಗ್ ಕಡತದಲ್ಲಿ ಹತ್ತು ಕಡೆ ಫ್ಲೋಟ್ ಇದೆ ಎಂದುಕೊಳ್ಳಿ. ಸೂಚನೆಯಲ್ಲಿ 'ಡೆಸಿಮಲ್ (ದಶಮಾಂಶವನ್ನು ನಿಖರವಾಗಿ ಇಡುವ ಅಂಕಿ) ಬಳಸು' ಎಂದು ಒಂದೇ ಕಡೆ ಬರೆದಿದೆ. ಹನ್ನೊಂದನೆಯ ಸಾಲು ಯಾವುದರಂತೆ ಬರುತ್ತದೆ ಎಂದು ಊಹಿಸುವುದು ಕಷ್ಟ ಅಲ್ಲ.

ಹಾಗಾಗಿ ಕಡತವನ್ನು ಉದ್ದ ಮಾಡುವ ದಾರಿ ಬಿಟ್ಟು ಚಿಕ್ಕದು ಮಾಡಲಾಯಿತು. ಯಂತ್ರವೇ ಪರೀಕ್ಷಿಸಬಹುದಾದ ಸಾಲುಗಳನ್ನೆಲ್ಲ ತೆಗೆದು ಬೇರೆ ಕಡೆ ಕಳಿಸಲಾಯಿತು.

ಎಲ್ಲಿ ತಡೆಯಬೇಕು

ಕೋಡನ್ನು ಓಡಿಸದೆ, ಬರಿ ಓದಿ ತಪ್ಪು ಹೇಳುವ ಉಪಕರಣಕ್ಕೆ ಲಿಂಟರ್ ಎನ್ನುತ್ತಾರೆ. ಇದು ಹೊಸದೇನಲ್ಲ. 1978ರಲ್ಲೇ ಬೆಲ್ ಲ್ಯಾಬ್ಸ್‌ನ ಸ್ಟೀಫನ್ ಜಾನ್ಸನ್ ಸಿ ಭಾಷೆಗಾಗಿ ಲಿಂಟ್ ಎಂಬ ಪ್ರೋಗ್ರಾಂ ಬರೆದಿದ್ದರು. ಈಗ ಪೈಥಾನ್ ಲೋಕದಲ್ಲಿ ಹೆಚ್ಚು ಬಳಕೆಯಲ್ಲಿರುವುದು ರಫ್. 2022ರಲ್ಲಿ ಬಂದದ್ದು, ರಸ್ಟ್ ಭಾಷೆಯಲ್ಲಿ ಬರೆದದ್ದು. ಅದರ ವೇಗ ಇಲ್ಲಿ ಮುಖ್ಯವಾಗುತ್ತದೆ. ಮನುಷ್ಯರು ದಿನಕ್ಕೆ ಕೆಲವು ಸಲ ಲಿಂಟರ್ ಓಡಿಸಿದರೆ ಸಾಕಿತ್ತು. ಸಹಾಯಕ ಒಂದೊಂದು ಕಡತ ತಿದ್ದಿದಾಗಲೂ ಓಡಿಸಬೇಕು ಎಂದರೆ ನಿಧಾನದ ಉಪಕರಣ ನಡೆಯುವುದಿಲ್ಲ.

ತಿದ್ದಿದ ತಕ್ಷಣ ಓಡಿಸಲು ಕ್ಲಾಡ್ ಕೋಡ್‌ನಲ್ಲಿ ಹುಕ್ ಎಂಬ ಏರ್ಪಾಡಿದೆ. ಸಹಾಯಕ ಕಡತ ತಿದ್ದಿದ ಮೇಲೆ ನಾವು ಹೇಳಿದ ಸ್ಕ್ರಿಪ್ಟ್ ತಾನಾಗಿ ಓಡುತ್ತದೆ. ಯಾವ ಕಡತ ತಿದ್ದಲಾಯಿತು ಎಂಬ ವಿವರ ಆ ಸ್ಕ್ರಿಪ್ಟ್‌ಗೆ ಜೆಸನ್ ರೂಪದಲ್ಲಿ ಸಿಗುತ್ತದೆ. ಸ್ಕ್ರಿಪ್ಟ್ 0 ಎಂಬ ಸಂಕೇತದಲ್ಲಿ ಮುಗಿದರೆ ಎಲ್ಲ ಸರಿ ಎಂದರ್ಥ. 2 ಎಂದು ಮುಗಿದರೆ, ಅದು ಎರರ್ ಎಂದು ಬರೆದ ಸಾಲುಗಳು ನೇರವಾಗಿ ಸಹಾಯಕಕ್ಕೆ ಹೋಗುತ್ತವೆ. ಅದು ಓದಿ, ಮುಂದಿನ ಹೆಜ್ಜೆಯಲ್ಲಿ ತಿದ್ದಿಕೊಳ್ಳುತ್ತದೆ.

ಇದರಲ್ಲಿ ಒಂದು ಸೂಕ್ಷ್ಮ ಇದೆ. ಇಂಥದ್ದನ್ನು ಹೊಸದಾಗಿ ಹಾಕುವವರು ಗಮನ ಕೊಡಬೇಕು. ರಫ್ ತಪ್ಪು ಕಂಡಾಗ 1 ಎಂಬ ಸಂಕೇತ ಕೊಡುತ್ತದೆ, 2 ಅಲ್ಲ. 1 ಬಂದರೆ ಹುಕ್ ಅದನ್ನು ತಡೆ ಎಂದು ತಿಳಿಯುವುದಿಲ್ಲ. ಸಹಾಯಕಕ್ಕೆ ಆ ಸಂದೇಶ ಮುಟ್ಟುವುದೇ ಇಲ್ಲ. ಹೊರಗಿನಿಂದ ನೋಡಿದರೆ ಎಲ್ಲ ಜೋಡಿಸಿದಂತೆಯೇ ಕಾಣುತ್ತದೆ. ನಡುವೆ ಪುಟ್ಟ ಸ್ಕ್ರಿಪ್ಟ್ ಇಟ್ಟು 1 ಬಂದದ್ದನ್ನು 2 ಮಾಡಿ, ಸಂದೇಶವನ್ನು ಎರರ್ ದಾರಿಗೆ ತಿರುಗಿಸಬೇಕು. ಆಮೇಲೆ ಬೇಕೆಂದೇ ಒಂದು ತಪ್ಪು ಸಾಲು ಬರೆಸಿ, ತಡೆ ಬಿತ್ತೇ ಎಂದು ಕಣ್ಣಾರೆ ನೋಡಬೇಕು.

ಒಟ್ಟು ಮೂರು ಕಡೆ ತಡೆ ಇಡಲಾಯಿತು. ಕಡತ ತಿದ್ದಿದ ಕೂಡಲೇ ರಫ್. ಸಹಾಯಕ 'ಕೆಲಸ ಮುಗಿಯಿತು' ಎನ್ನುವ ಹೊತ್ತಿಗೆ ಮೈಪೈ (ಡೇಟಾದ ಬಗೆಗಳು ಹೊಂದುತ್ತವೆಯೇ ಎಂದು ನೋಡುವ ಉಪಕರಣ) ಮತ್ತು ಆ ಭಾಗದ ಟೆಸ್ಟ್‌ಗಳು. ಕೊನೆಗೆ ಸರ್ವರ್ ಮೇಲೆ, ಸಿಐ ಎಂಬ ತಾನಾಗಿ ಓಡುವ ಪರೀಕ್ಷಾ ವ್ಯವಸ್ಥೆಯಲ್ಲಿ, ಎಲ್ಲವೂ ಮತ್ತೊಮ್ಮೆ. ಎರಡನೆಯ ತಡೆಯಲ್ಲಿ ಒಂದು ಎಚ್ಚರ ಬೇಕು. ಟೆಸ್ಟ್ ಪಾಸ್ ಆಗದಿದ್ದರೆ ನಿಲ್ಲಲು ಬಿಡಬೇಡ ಎಂದಷ್ಟೇ ಬರೆದರೆ ಸಹಾಯಕ ಸುತ್ತಿನಲ್ಲಿ ಸಿಕ್ಕಿಕೊಳ್ಳಬಹುದು. ಈಗಾಗಲೇ ಒಮ್ಮೆ ತಡೆದಾಗಿದೆ ಎಂಬ ಗುರುತು ಹುಕ್‌ಗೆ ಬರುತ್ತದೆ. ಅದನ್ನು ನೋಡಿ, ಎರಡನೇ ಸಲ ಮನುಷ್ಯರ ಕೈಗೆ ಬಿಟ್ಟುಕೊಡುವುದು ಒಳ್ಳೆಯದು.

ಮೊದಲ ತಡೆಯಲ್ಲಿ ಎದುರಾದ ತೊಡಕು ವಿಚಿತ್ರವಾಗಿತ್ತು. ರಫ್‌ಗೆ ಸಣ್ಣ ತಪ್ಪುಗಳನ್ನು ತಾನೇ ತಿದ್ದುವ ಶಕ್ತಿ ಇದೆ. ಬಳಸದ ಇಂಪೋರ್ಟ್ ಸಾಲು (ಬೇರೆ ಕಡೆಯ ಕೋಡನ್ನು ಕರೆತರುವ ಸಾಲು) ಕಂಡರೆ ಎಫ್401 ನಿಯಮದ ಪ್ರಕಾರ ಅಳಿಸಿಬಿಡುತ್ತದೆ. ಸಹಾಯಕ ಕೆಲಸ ಮಾಡುವ ಕ್ರಮ ನೋಡಿ: ಮೊದಲ ಹೆಜ್ಜೆಯಲ್ಲಿ ಕಡತದ ಮೇಲ್ಗಡೆ ಇಂಪೋರ್ಟ್ ಸೇರಿಸುತ್ತದೆ, ಮುಂದಿನ ಹೆಜ್ಜೆಯಲ್ಲಿ ಕೆಳಗೆ ಅದನ್ನು ಬಳಸುತ್ತದೆ. ಎರಡರ ನಡುವೆ ಹುಕ್ ಓಡುತ್ತದೆ. ಆ ಕ್ಷಣಕ್ಕೆ ಇಂಪೋರ್ಟ್ ಬಳಕೆಯಾಗಿಲ್ಲ, ಹಾಗಾಗಿ ಅಳಿಸಿಹೋಗುತ್ತದೆ. ಆಮೇಲೆ 'ಈ ಹೆಸರು ಗೊತ್ತಿಲ್ಲ' ಎಂಬ ಎರರ್. ಸಹಾಯಕ ಮತ್ತೆ ಇಂಪೋರ್ಟ್ ಸೇರಿಸುತ್ತದೆ, ಮತ್ತೆ ಅಳಿಯುತ್ತದೆ. ಪರಿಹಾರ ಸುಲಭ. ರಫ್ ಸೆಟ್ಟಿಂಗ್‌ನಲ್ಲಿ ಎಫ್401 ಅನ್ನು ತಾನಾಗಿ ತಿದ್ದಬಾರದ ನಿಯಮ ಎಂದು ಗುರುತಿಸಬಹುದು. ಮಧ್ಯದಲ್ಲಿ ಅದರ ದೂರೂ ಬೇಡ, ಕೆಲಸದ ಕೊನೆಯಲ್ಲಿ ಕೇಳಿದರೆ ಸಾಕು. ನಡುದಾರಿಯಲ್ಲಿ ಇರುವ ಕೋಡನ್ನು ಮುಗಿದ ಕೋಡ್ ಎಂದು ಅಳೆಯುವ ನಿಯಮಗಳು ಇನ್ನೂ ಇವೆ. ಅಂಥವನ್ನೆಲ್ಲ ಕೊನೆಯ ತಡೆಗೆ ಸರಿಸಲಾಯಿತು.

ಸಿದ್ಧ ನಿಯಮ ತಂದಿಟ್ಟ ತೊಂದರೆ

ರಫ್‌ನಲ್ಲಿ 800ಕ್ಕೂ ಹೆಚ್ಚು ಸಿದ್ಧ ನಿಯಮಗಳಿವೆ. ಎಲ್ಲ ಹಾಕುವುದು ಬೇಡ ಎಂಬುದು ನನ್ನ ಖಚಿತ ಅಭಿಪ್ರಾಯ. ರಿವ್ಯೂನಲ್ಲಿ ನಿಜಕ್ಕೂ ಬಂದ ದೂರುಗಳಿಗೆ ಹೊಂದುವವನ್ನು ಮಾತ್ರ ಆರಿಸಲಾಯಿತು. ಎಕ್ಸೆಪ್ಷನ್ ನುಂಗುವುದಕ್ಕೆ ಎಸ್110. ಯಾವ ಎಕ್ಸೆಪ್ಷನ್ ಎಂದು ನೋಡದೆ ಹಿಡಿಯುವುದಕ್ಕೆ ಬಿಎಲ್‌ಇ001. ಎಸ್‌ಕ್ಯೂಎಲ್ ಜೋಡಣೆಗೆ ಎಸ್608. ಬಿಟ್ಟುಹೋದ ಪ್ರಿಂಟ್ ಸಾಲಿಗೆ ಟಿ201. ಟೈಮ್‌ಝೋನ್ ಇಲ್ಲದ ತಾರೀಖಿಗೆ ಡಿಟಿಝಡ್ ಗುಂಪು.

ಈ ಕೊನೆಯದೇ ಪ್ರಕರಣದ ನಡುಭಾಗ. ಸ್ವಲ್ಪ ವಿವರವಾಗಿ ಹೇಳಬೇಕು.

ಹಾಲು ಬರೆಯುವ ಕೋಡ್‌ನಲ್ಲಿ ಇವತ್ತಿನ ತಾರೀಖು ಬೇಕು. ಹಳೆ ಕೋಡ್ ಪೈಥಾನ್‌ನ ಡೇಟ್ ಟುಡೇ ಎಂಬುದನ್ನು ಕರೆಯುತ್ತಿತ್ತು. ಡಿಟಿಝಡ್011 ನಿಯಮ ಇದನ್ನು ತಪ್ಪು ಎನ್ನುತ್ತದೆ, ಏಕೆಂದರೆ ಯಾವ ಊರಿನ ತಾರೀಖು ಎಂದು ಆ ಸಾಲಿನಲ್ಲಿ ಇಲ್ಲ. ನಿಯಮ ನ್ಯಾಯವಾದದ್ದೇ. ಸಹಾಯಕ ಸಂದೇಶ ಓದಿತು, ಜ್ಯಾಂಗೊ ಪ್ರಾಜೆಕ್ಟ್ ಎಂದು ನೋಡಿತು, ಆ ಸಾಲನ್ನು 'ಟೈಮ್‌ಝೋನ್ ನೌ, ಅದರ ಡೇಟ್' ಎಂದು ಬದಲಿಸಿತು. ರಫ್ ಸುಮ್ಮನಾಯಿತು. ಟೆಸ್ಟ್‌ಗಳೂ ಪಾಸ್. ಓದುವವರ ಕಣ್ಣಿಗೂ ಮೊದಲಿಗಿಂತ ಚೆನ್ನಾಗಿಯೇ ಕಂಡಿತು. ಈಗ ಟೈಮ್‌ಝೋನ್ ಎಂಬ ಪದವೇ ಅಲ್ಲಿದೆಯಲ್ಲ.

ಪರೀಕ್ಷೆಗೆ ಒಪ್ಪಿಕೊಂಡಿದ್ದ ಒಂದು ಸಂಘದ ಕಾರ್ಯದರ್ಶಿಯಿಂದ ಫೋನ್ ಬಂತು. "ಸಾರ್, ಬೆಳಗ್ಗೆ ಮೊದಲು ಬರೋ ನಾಲ್ಕೈದು ಜನರ ಹಾಲು ನಿನ್ನೆ ತಾರೀಖಿಗೆ ಹೋಗ್ತೈತೆ ನೋಡಿ. ಆಮೇಲೆ ಬಂದೋರದು ಸರಿ ಇದೆ. ಸಂಜೇದೂ ಸರಿ ಇದೆ."

ಕಾರಣ ಹೀಗಿದೆ. ಜ್ಯಾಂಗೊದಲ್ಲಿ ಟೈಮ್‌ಝೋನ್ ಬಳಕೆ ಚಾಲೂ ಇದ್ದರೆ 'ಟೈಮ್‌ಝೋನ್ ನೌ' ಕೊಡುವುದು ಯುಟಿಸಿ, ಅಂದರೆ ಜಗತ್ತಿಗೆಲ್ಲ ಸಾಮಾನ್ಯವಾದ ಪ್ರಮಾಣ ಸಮಯ. ಭಾರತದ ಸಮಯ ಅದಕ್ಕಿಂತ ಐದೂವರೆ ಗಂಟೆ ಮುಂದೆ. ಅಂದರೆ ಇಲ್ಲಿ ಬೆಳಗ್ಗೆ 5.30 ಆಗುವವರೆಗೆ ಯುಟಿಸಿಯಲ್ಲಿ ಇನ್ನೂ ಹಿಂದಿನ ದಿನವೇ. 5.15ಕ್ಕೆ ಹಾಲು ಹಾಕಿದವರ ಲೆಕ್ಕ ನಿನ್ನೆಗೆ, 5.35ಕ್ಕೆ ಹಾಕಿದವರದು ಇವತ್ತಿಗೆ. ಬಟವಾಡೆಯ ಅವಧಿ ಬದಲಾಗುವ ದಿನ ಇದು ಬರಿ ತಾರೀಖಿನ ತಪ್ಪಾಗಿ ಉಳಿಯುವುದಿಲ್ಲ. ಆ ಹಾಲಿನ ದುಡ್ಡು ಈಗಾಗಲೇ ಮುಗಿದ ಬಿಲ್ಲಿಗೆ ಹೋಗಿ ಕೂರುತ್ತದೆ. ಇನ್ನೊಂದು ಮಾತು. ಜ್ಯಾಂಗೊ ಲಿನಕ್ಸ್ ಮೇಲೆ ಓಡುವಾಗ, ಸೆಟ್ಟಿಂಗ್‌ನಲ್ಲಿ ಏಷ್ಯಾ/ಕೋಲ್ಕತ್ತ ಎಂದಿದ್ದರೆ, ಇಡೀ ಪ್ರೋಗ್ರಾಂನ ಸ್ಥಳೀಯ ಸಮಯವನ್ನು ಅದಕ್ಕೇ ಹೊಂದಿಸುತ್ತದೆ. ಹಾಗಾಗಿ ಆ ಹಳೆಯ, 'ತಪ್ಪು' ಎನಿಸಿಕೊಂಡ ಸಾಲು ಸರಿಯಾದ ತಾರೀಖನ್ನೇ ಕೊಡುತ್ತಿತ್ತು.

ಸರಿಯಾದ ಉತ್ತರ ಜ್ಯಾಂಗೊದಲ್ಲೇ ಇದೆ: ಲೋಕಲ್ ಡೇಟ್ ಎಂಬ ಫಂಕ್ಷನ್. ಅದನ್ನು ಬಳಸು ಎಂದು ಹೇಳುವ ಸಿದ್ಧ ನಿಯಮ ರಫ್‌ನ ಆ ಗುಂಪಿನಲ್ಲಿ ಇರಲಿಲ್ಲ. 'ಹೀಗೆ ಬೇಡ' ಎಂದು ಮಾತ್ರ ಅಲ್ಲಿತ್ತು.

ಮನುಷ್ಯರಿಗೆ ಲಿಂಟರ್ 'ಹೀಗೆ ಬೇಡ' ಎಂದರೆ ಅವರು ಯೋಚಿಸುತ್ತಾರೆ, ಪಕ್ಕದವರನ್ನು ಕೇಳುತ್ತಾರೆ, ಕೆಲವೊಮ್ಮೆ ಬೈದುಕೊಂಡು ಬಿಡುತ್ತಾರೆ. ಸಹಾಯಕ ಹಾಗಲ್ಲ. ನಿಯಮದ ಬಾಯಿ ಮುಚ್ಚುವ ಮೊದಲ ದಾರಿ ಸಿಕ್ಕರೆ ಅದೇ ದಾರಿ. ಆ ದಾರಿ ನಮ್ಮ ಲೆಕ್ಕಕ್ಕೆ ಸರಿಯೇ ಎಂಬುದು ಅದಕ್ಕೆ ಗೊತ್ತಿರಬೇಕಾದರೆ, ನಿಯಮದ ಸಂದೇಶದಲ್ಲೇ ಇರಬೇಕು. ಅಲ್ಲಿಂದ ಮುಂದೆ ತಂಡದಲ್ಲಿ ಒಂದು ಪದ್ಧತಿ ಬಂತು. ಯಾವ ನಿಯಮ ಹಾಕಿದರೂ ಅದರ ಸಂದೇಶದಲ್ಲಿ ಏನು ಬೇಡ, ಬದಲಿಗೆ ಏನು, ಯಾಕೆ ಎಂಬ ಮೂರೂ ಇರಬೇಕು.

ನಮ್ಮದೇ ನಿಯಮಗಳು

ರಫ್‌ಗೆ ಹೊರಗಿನಿಂದ ಹೊಸ ನಿಯಮ ಸೇರಿಸುವ ಅವಕಾಶ ಇಲ್ಲ. ಅದಕ್ಕೆ ಸೆಮ್‌ಗ್ರೆಪ್ ಎಂಬ ಇನ್ನೊಂದು ಉಪಕರಣ ಬಳಸಲಾಯಿತು. ಅದರಲ್ಲಿ ಬೇಡದ ಕೋಡ್ ಹೇಗಿರುತ್ತದೆ ಎಂದು ಒಂದು ಮಾದರಿ ಬರೆದು, ಕೆಳಗೆ ಸಂದೇಶ ಬರೆದರೆ ನಿಯಮ ಸಿದ್ಧ. ತಾರೀಖಿನ ನಿಯಮದ ಸಂದೇಶ ಹೀಗೆ ಬರೆಯಲಾಯಿತು: "ಇದು ಯುಟಿಸಿ ತಾರೀಖು ಕೊಡುತ್ತದೆ. ಬೆಳಗಿನ ಪಾಳಿಯಲ್ಲಿ 5.30ಕ್ಕೆ ಮುಂಚಿನ ಹಾಲು ಹಿಂದಿನ ದಿನಕ್ಕೆ ಹೋಗುತ್ತದೆ. ಟೈಮ್‌ಝೋನ್ ಲೋಕಲ್ ಡೇಟ್ ಬಳಸು. 5.15ರ ಸಮಯ ಇಟ್ಟು ಒಂದು ಟೆಸ್ಟ್ ಬರೆ." ಕೊನೆಯ ವಾಕ್ಯದಿಂದ ಒಳ್ಳೆಯ ಫಲ ಸಿಕ್ಕಿತು. ಸಹಾಯಕ ಪ್ರತಿ ಸಲ ಆ ಟೆಸ್ಟನ್ನೂ ಬರೆಯತೊಡಗಿತು.

ದುಡ್ಡಿನ ನಿಯಮ ಇದಕ್ಕಿಂತ ಆಳ. ಫ್ಲೋಟ್ ಬೇಡ, ಡೆಸಿಮಲ್ ಬೇಕು ಎಂದು ಎಲ್ಲರೂ ಹೇಳುತ್ತಾರೆ. ಫ್ಲೋಟ್‌ನಲ್ಲಿ 0.1ಕ್ಕೆ 0.2 ಕೂಡಿಸಿದರೆ 0.30000000000000004 ಬರುತ್ತದೆ ಎಂಬುದು ಹಳೆಯ ಮಾತು. ಡೆಸಿಮಲ್ ಹಾಕಿದ ಮೇಲೂ ಎರಡು ಬಾಗಿಲು ತೆರೆದೇ ಇರುತ್ತವೆ. ಡೆಸಿಮಲ್ ಒಳಗೆ 0.1 ಎಂಬ ಫ್ಲೋಟನ್ನೇ ಕೊಟ್ಟರೆ ಫ್ಲೋಟ್‌ನ ತಪ್ಪೂ ಒಳಗೆ ಬರುತ್ತದೆ. ಅಂಕಿಯನ್ನು ಸ್ಟ್ರಿಂಗ್ ಆಗಿ ಕೊಡಬೇಕು. ಇದನ್ನು ಹಿಡಿಯಲು ರಫ್‌ನಲ್ಲೇ ಆರ್‌ಯುಎಫ್032 ಇದೆ. ಇನ್ನೊಂದು, ಪೈಸೆಗೆ ಸರಿಹೊಂದಿಸುವಾಗ ನಡುವೆ ಬರುವ ಅರ್ಧ.

4.5 ಲೀಟರ್ ಹಾಲು, ಲೀಟರಿಗೆ 34.33 ರೂಪಾಯಿ ಎಂದಿಟ್ಟುಕೊಳ್ಳಿ. ಗುಣಿಸಿದರೆ 154.485. ನಾವೆಲ್ಲ ಶಾಲೆಯಲ್ಲಿ ಕಲಿತಂತೆ ಅರ್ಧ ಬಂದರೆ ಮೇಲಕ್ಕೆ: 154.49. ಪೈಥಾನ್‌ನ ಡೆಸಿಮಲ್ ಹಾಗೇ ಬಿಟ್ಟರೆ ಅರ್ಧ ಬಂದಾಗ ಸಮಸಂಖ್ಯೆಯ ಕಡೆಗೆ ಹೋಗುತ್ತದೆ: 154.48. ಬ್ಯಾಂಕರ್ಸ್ ರೌಂಡಿಂಗ್ ಎನ್ನುವುದು ಇದಕ್ಕೇ. ಒಂದು ಪೈಸೆ ತಾನೇ ಎನ್ನಬಹುದು. ಆದರೆ ಸದಸ್ಯರ ಪಾಸ್‌ಬುಕ್‌ನಲ್ಲಿ ಕೈಯಲ್ಲಿ ಬರೆದ ಅಂಕಿ ಒಂದು, ಕಂಪ್ಯೂಟರ್ ಅಂಕಿ ಇನ್ನೊಂದು ಆದರೆ ಕಾರ್ಯದರ್ಶಿ ಯಾರಿಗೆ ಏನು ಉತ್ತರ ಕೊಡಬೇಕು? ಒಂದು ಪೈಸೆಯ ವ್ಯತ್ಯಾಸ ಕಂಡ ಸದಸ್ಯರು ಉಳಿದ ಲೆಕ್ಕವನ್ನೂ ನಂಬುವುದಿಲ್ಲ. ಅವರು ಹಾಗೆ ಯೋಚಿಸುವುದು ಸರಿಯೇ.

ಹಾಗಾಗಿ ನಿಯಮ ಹೀಗಾಯಿತು: ಬಿಲ್ಲಿಂಗ್ ಫೋಲ್ಡರ್ ಒಳಗೆ ಯಾರೂ ನೇರವಾಗಿ ರೌಂಡ್ ಮಾಡುವಂತಿಲ್ಲ. ಪೈಸೆಗೆ ತರುವ ಒಂದೇ ಒಂದು ಫಂಕ್ಷನ್ ಇದೆ, ಅರ್ಧವನ್ನು ಮೇಲಕ್ಕೆ ಒಯ್ಯುವುದು ಅದರಲ್ಲಿ ಬರೆದಿದೆ. ಬೇರೆ ಕಡೆ ರೌಂಡ್ ಅಥವಾ ಕ್ವಾಂಟೈಸ್ ಕಂಡರೆ ತಡೆ. ಸಂದೇಶದಲ್ಲಿ 154.485ರ ಉದಾಹರಣೆಯೇ ಇದೆ.

ಮೂರನೆಯದು ಕನ್ನಡ ಹೆಸರುಗಳ ನಿಯಮ. ಇದರ ಬಗ್ಗೆ ನನಗೆ ವಿಶೇಷ ಕಾಳಜಿ. ಬಿಲ್ಲಿನ ಮೊತ್ತವನ್ನು ಸದಸ್ಯರಿಗೆ ಎಸ್‌ಎಂಎಸ್‌ನಲ್ಲಿ ಕಳಿಸಬೇಕು. ಇಂಗ್ಲಿಷ್ ಎಸ್‌ಎಂಎಸ್‌ನಲ್ಲಿ 160 ಅಕ್ಷರ ಹಿಡಿಸುತ್ತದೆ, ಕನ್ನಡದಲ್ಲಿ 70 ಮಾತ್ರ. ಜಾಗ ಸಾಲದು ಎಂದು ಸಹಾಯಕ ಹೆಸರನ್ನು ಮೊದಲ ಇಷ್ಟು ಅಕ್ಷರಕ್ಕೆ ಕತ್ತರಿಸುವ ಕೋಡ್ ಬರೆಯುತ್ತದೆ. ಇಂಗ್ಲಿಷ್ ಹೆಸರಿಗೆ ಅದು ನಡೆಯುತ್ತದೆ. ಕನ್ನಡದಲ್ಲಿ ಕಣ್ಣಿಗೆ ಎರಡು ಅಕ್ಷರವಾಗಿ ಕಾಣುವ 'ಲಕ್ಷ್ಮೀ' ಪೈಥಾನ್‌ಗೆ ಏಳು. ಲ, ಕ, ವಿರಾಮ (ಅಕ್ಷರವನ್ನು ಅರ್ಧ ಮಾಡುವ ಗುರುತು), ಷ, ವಿರಾಮ, ಮ, ಕೊನೆಗೆ ದೀರ್ಘದ ಗುರುತು. ಐದಕ್ಕೆ ಕತ್ತರಿಸಿದರೆ 'ಲಕ್ಷ್' ಉಳಿಯುತ್ತದೆ. ಮೂರಕ್ಕೆ ಕತ್ತರಿಸಿದರೆ 'ಲಕ್'. ಒಬ್ಬರ ಹೆಸರನ್ನು ಹಾಗೆ ಮುರಿದು ಅವರಿಗೇ ಕಳಿಸುವುದು ಸಣ್ಣ ತಪ್ಪು ಅಂತ ನನಗೆ ಅನಿಸುವುದಿಲ್ಲ. ಗ್ರಾಫೀಮ್ (ಕಣ್ಣಿಗೆ ಒಂದಾಗಿ ಕಾಣುವ ಅಕ್ಷರ) ಎಣಿಸುವ ಲೈಬ್ರರಿ ಹಾಕಿದರೆ ಸಾಕು ಎಂಬ ಸಲಹೆ ಸಹಾಯಕದಿಂದಲೇ ಬಂತು. ಅಂಥ ಲೈಬ್ರರಿಗಳು ಕನ್ನಡದ ಒತ್ತಕ್ಷರವನ್ನು ಯಾವಾಗಲೂ ಒಂದೇ ಘಟಕವಾಗಿ ಹಿಡಿಯುವುದಿಲ್ಲ. ವಿರಾಮದ ನಂತರ ವ್ಯಂಜನ ಬಂದರೆ ಮುಂದಕ್ಕೆ ಸೇರಿಸಿಕೊಳ್ಳುವ ಪುಟ್ಟ ಫಂಕ್ಷನ್ ನಮ್ಮದೇ ಬೇಕಾಯಿತು.

ಹುಡುಕಾಟದಲ್ಲಿ ಇನ್ನೊಂದು ತೊಡಕಿತ್ತು. 'ಗೋಪಾಲ' ಎಂಬುದರ ಓತ್ವವನ್ನು ಯೂನಿಕೋಡ್‌ನಲ್ಲಿ ಒಂದೇ ಸಂಕೇತವಾಗಿ ಬರೆಯಬಹುದು, ಒತ್ವ ಮತ್ತು ದೀರ್ಘದ ಗುರುತು ಎಂದು ಬಿಡಿಸಿಯೂ ಬರೆಯಬಹುದು. ಪರದೆ ಮೇಲೆ ಎರಡೂ ಒಂದೇ. ಕಂಪ್ಯೂಟರ್‌ಗೆ ಎರಡು ಬೇರೆ ಹೆಸರು. ಬೇರೆ ಬೇರೆ ಕೀಲಿಮಣೆಯಿಂದ ಬಂದ ಹೆಸರುಗಳಲ್ಲಿ ಇದು ಆದರೆ ಒಬ್ಬರೇ ಸದಸ್ಯರು ಎರಡು ಸಲ ನೋಂದಣಿ ಆಗಬಹುದು. ಎನ್‌ಎಫ್‌ಸಿ ಎಂಬ ಕ್ರಮಕ್ಕೆ ತಂದರೆ ಎರಡೂ ಒಂದಾಗುತ್ತವೆ. ಆದರೆ 'ರಾಜ್‌ಕುಮಾರ್' ಒಳಗೆ ಕಣ್ಣಿಗೆ ಕಾಣದ ಒಂದು ಗುರುತು ಇರುತ್ತದೆ, ಜ್ ಮತ್ತು ಕು ಒತ್ತಾಗಿ ಸೇರದಂತೆ ತಡೆಯುವುದು. ಅದನ್ನು ಎನ್‌ಎಫ್‌ಸಿ ಮುಟ್ಟುವುದಿಲ್ಲ. ಉಳಿಸಿಡುವ ಹೆಸರಿನಲ್ಲಿ ಅದು ಇರಲೇಬೇಕು, ಇಲ್ಲದಿದ್ದರೆ ಬರಹ ಕೆಡುತ್ತದೆ. ಹುಡುಕುವಾಗ ಮಾತ್ರ ತೆಗೆಯಬೇಕು. ಇದನ್ನೆಲ್ಲ ಒಂದು ಕಡೆ ಬರೆದಿಟ್ಟು, ಹೆಸರಿನ ಫೀಲ್ಡ್ ಮೇಲೆ ನೇರ ಹೋಲಿಕೆ ಅಥವಾ ಕತ್ತರಿಕೆ ಕಂಡರೆ ತಡೆಯುವ ನಿಯಮ ಬಂತು.

ಪ್ರತಿ ನಿಯಮದ ಜೊತೆ ಒಂದು ತಪ್ಪು ಮಾದರಿ, ಒಂದು ಸರಿ ಮಾದರಿ ಇರಬೇಕು. ತಪ್ಪನ್ನು ಹಿಡಿಯುತ್ತದೆಯೇ, ಸರಿಯನ್ನು ಬಿಡುತ್ತದೆಯೇ ಎಂದು ಸಿಐ ಪರೀಕ್ಷಿಸುತ್ತದೆ. ಸುಮ್ನೆ ಸರಿ ಕೋಡನ್ನು ಹಿಡಿಯುವ ನಿಯಮ ಇದ್ದರೆ ಸಹಾಯಕ ಆ ಸರಿ ಕೋಡನ್ನೇ ಕೆಡಿಸುತ್ತದೆ.

ನಿಯಮದ ಸುತ್ತ ಹೋಗುವ ದಾರಿಗಳು

ತಡೆ ಬಿದ್ದಾಗ ಸಹಾಯಕ ಬಹುತೇಕ ಸಲ ಕೋಡ್ ತಿದ್ದುತ್ತದೆ. ಕೆಲವೊಮ್ಮೆ ನಿಯಮವನ್ನೇ ತಿದ್ದುತ್ತದೆ. ಸಾಲಿನ ಕೊನೆಗೆ ನೋ-ಕ್ಯೂಎ ಎಂಬ ಕಾಮೆಂಟ್ ಹಾಕಿದರೆ ರಫ್ ಆ ಸಾಲು ಬಿಟ್ಟುಬಿಡುತ್ತದೆ. ಸೆಟ್ಟಿಂಗ್ ಕಡತದಲ್ಲಿ ಒಂದು ನಿಯಮ ಅಳಿಸಿದರೂ ಆಯಿತು. ಟೆಸ್ಟ್ ಫೇಲ್ ಆದರೆ ಟೆಸ್ಟ್‌ನ ನಿರೀಕ್ಷೆಯನ್ನೇ ಬದಲಿಸಬಹುದು. ಗಿಟ್ ಕಮಿಟ್‌ನಲ್ಲಿ 'ಪರೀಕ್ಷೆ ಬೇಡ' ಎಂಬ ಆಯ್ಕೆಯೂ ಇದೆ. ಇದರಲ್ಲಿ ದುರುದ್ದೇಶ ಹುಡುಕಬೇಕಾಗಿಲ್ಲ. ಕೆಲಸ ಮುಗಿಸು ಎಂದು ಹೇಳಿದ್ದೇವೆ, ಅಡ್ಡ ಬಂದದ್ದನ್ನು ಅದು ಸರಿಸುತ್ತದೆ. ಇದು ಒಂದು ಕಂಪನಿಯ ಉಪಕರಣಕ್ಕೆ ಸೀಮಿತ ಆದದ್ದೂ ಅಲ್ಲ.

ಇದಕ್ಕೆ ಉತ್ತರ ಕೆಲವು ಪದರಗಳಲ್ಲಿದೆ. ನಿಯಮದ ಹೆಸರಿಲ್ಲದ ನೋ-ಕ್ಯೂಎ ಹಿಡಿಯಲು ಪಿಜಿಎಚ್004, ಕೆಲಸಕ್ಕೆ ಬಾರದ ನೋ-ಕ್ಯೂಎ ಹಿಡಿಯಲು ಆರ್‌ಯುಎಫ್100. ಸೆಟ್ಟಿಂಗ್ ಕಡತ, ಸೆಮ್‌ಗ್ರೆಪ್ ನಿಯಮಗಳ ಫೋಲ್ಡರ್, ಹುಕ್ ಸ್ಕ್ರಿಪ್ಟ್‌ಗಳನ್ನು ತಿದ್ದಲು ಹೊರಟರೆ ತಿದ್ದುವ ಮೊದಲೇ ತಡೆಯುವ ಇನ್ನೊಂದು ಹುಕ್. ಇವೆಲ್ಲ ಡೆವಲಪರ್‌ರ ಕಂಪ್ಯೂಟರ್ ಮೇಲಿನ ಮಾತು. ಅಲ್ಲಿ ಏನಾದರೂ ತಪ್ಪಿಸಿಕೊಂಡರೂ ಸರ್ವರ್ ಮೇಲಿನ ಸಿಐ ತಪ್ಪಿಸಿಕೊಳ್ಳಲು ಬಿಡುವುದಿಲ್ಲ. ಆ ಫೋಲ್ಡರ್‌ಗಳಲ್ಲಿ ಬದಲಾವಣೆ ಇದ್ದರೆ ಗೊತ್ತಾದ ವ್ಯಕ್ತಿಯ ಒಪ್ಪಿಗೆ ಇಲ್ಲದೆ ವಿಲೀನ ಆಗದಂತೆ ಕೋಡ್ ಓನರ್ಸ್ ಕಡತದಲ್ಲಿ ಬರೆದಿಡಲಾಯಿತು. ಹೊಸ ಲೈಬ್ರರಿಗಳ ಪಟ್ಟಿಗೂ ಅದೇ ಕಾವಲು. ಎಐ ಕೆಲವೊಮ್ಮೆ ಇಲ್ಲದ ಪ್ಯಾಕೇಜ್ ಹೆಸರು ಹೇಳುತ್ತದೆ. ಅಂಥ ಹೆಸರನ್ನು ಕಾದಿದ್ದು ನೋಂದಾಯಿಸಿ, ಕೆಟ್ಟ ಕೋಡ್ ತುಂಬಿಡುವವರೂ ಇದ್ದಾರೆ.

ಹಳೆಯ ಕೋಡ್‌ನದು ಬೇರೆ ಸಮಸ್ಯೆ. ನಿಯಮ ಹಾಕಿದ ಮೊದಲ ದಿನ ಹಳೆಯ ಸಾಲುಗಳೆಲ್ಲ ತಪ್ಪು ಎಂದು ಕಾಣುತ್ತವೆ. ಸಹಾಯಕ ಒಂದು ಸಾಲು ತಿದ್ದಲು ಹೋಗಿ, ತಡೆ ಬಿದ್ದ ಕಾರಣಕ್ಕೆ ಇಡೀ ಕಡತ ಬದಲಿಸುತ್ತದೆ. ಅದನ್ನು ಓದುವುದು ಯಾರು? ರಫ್‌ನಲ್ಲಿ ಹಳೆಯ ತಪ್ಪುಗಳಿಗೆಲ್ಲ ಒಟ್ಟಿಗೆ ನೋ-ಕ್ಯೂಎ ಗುರುತು ಹಾಕುವ ಆಜ್ಞೆ ಇದೆ. ಒಂದು ಸಲ ಹಾಗೆ ಗುರುತು ಹಾಕಿ, ಅವುಗಳ ಒಟ್ಟು ಸಂಖ್ಯೆ ಇನ್ನು ಏರಬಾರದು, ಇಳಿಯಬಹುದು ಎಂದು ಸಿಐಗೆ ಹೇಳಲಾಯಿತು. ಹಳೆಯದನ್ನು ತಿದ್ದುವ ಕೆಲಸಕ್ಕೆ ಬೇರೆಯೇ ಪುಲ್ ರಿಕ್ವೆಸ್ಟ್.

ತೆಗೆದು ಹಾಕಿದ ನಿಯಮಗಳು

ಫಂಕ್ಷನ್ ಎಷ್ಟು ಜಟಿಲ ಎಂದು ಅಳೆಯುವ ಒಂದು ಅಳತೆ ಇದೆ. 1976ರಲ್ಲಿ ಥಾಮಸ್ ಮೆಕೇಬ್ ಕೊಟ್ಟದ್ದು, ಕವಲುಗಳನ್ನು ಎಣಿಸುತ್ತದೆ. ರಫ್‌ನಲ್ಲಿ ಅದು ಸಿ901, ತಾನಾಗಿ ಇರುವ ಮಿತಿ 10. ಕೇಳಲು ಒಳ್ಳೆಯ ನಿಯಮ. ಸಹಾಯಕ ಅದನ್ನು ಪಾಲಿಸಿದ ರೀತಿ ಬೇರೆ. ದರ ಲೆಕ್ಕ ಹಾಕುವ ಫಂಕ್ಷನ್‌ನಲ್ಲಿ ಕವಲು ಜಾಸ್ತಿ, ಏಕೆಂದರೆ ದರಪಟ್ಟಿಯೇ ಹಾಗಿದೆ. ಸಹಾಯಕ ಅದನ್ನು ನಡುವೆ ಕಡಿದು ಮೂರು ಫಂಕ್ಷನ್ ಮಾಡಿತು. ಒಂದಕ್ಕೂ ಸ್ವಂತ ಅರ್ಥ ಇರಲಿಲ್ಲ. ಅಳತೆ ಇಳಿಯಿತು, ಓದುವುದು ಕಷ್ಟ ಆಯಿತು. ಈಗ ಆ ನಿಯಮ ತಡೆಯುವುದಿಲ್ಲ, ರಿವ್ಯೂ ಮಾಡುವವರಿಗೆ ಒಂದು ಟಿಪ್ಪಣಿ ಕೊಡುತ್ತದೆ ಅಷ್ಟೆ.

ಪ್ರತಿ ಫಂಕ್ಷನ್‌ಗೂ ವಿವರಣೆ ಇರಬೇಕು ಎಂಬ ನಿಯಮವೂ ಹೋಯಿತು. ಫಂಕ್ಷನ್ ಹೆಸರನ್ನೇ ವಾಕ್ಯ ಮಾಡಿ ಬರೆದ ವಿವರಣೆಗಳಿಂದ ಕಡತಗಳು ತುಂಬಿಹೋಗಿದ್ದವು. ಕೋಡ್ ಒಳಗೆ ನೇರ ಅಂಕಿ ಬೇಡ ಎಂಬ ನಿಯಮದಿಂದ 100ಕ್ಕೆ 'ನೂರು' ಎಂದು ಹೆಸರಿಡುವ ಕಾನ್‌ಸ್ಟಂಟ್ ಬಂತು. ಅದೂ ಹೋಯಿತು. ಯಂತ್ರ ಸುಲಭವಾಗಿ ಎಣಿಸಬಹುದಾದದ್ದನ್ನು ಒಳ್ಳೆಯ ಗುಣ ಎಂದು ತಿಳಿದ ನಿಯಮಗಳು ಸಹಾಯಕದ ಕೈಯಲ್ಲಿ ಬೇಗ ಹಾಳಾಗುತ್ತವೆ. ಒಂದು ನಿರ್ದಿಷ್ಟ ತಪ್ಪಿಗೆ, ಅದರಿಂದ ಯಾರಿಗೆ ಏನು ನಷ್ಟ ಎಂದು ಗೊತ್ತಿರುವ ತಪ್ಪಿಗೆ ಬರೆದ ನಿಯಮಗಳು ಉಳಿದಿವೆ.

ಈಗಿನ ಸ್ಥಿತಿ

ರಿವ್ಯೂನಲ್ಲಿ ಪ್ರಿಂಟ್ ಸಾಲು, ನುಂಗಿದ ಎಕ್ಸೆಪ್ಷನ್‌ಗಳ ಮಾತು ಈಗ ಬರುವುದೇ ಅಪರೂಪ. ಅವು ನನ್ನ ತನಕ ಬರುವ ಮೊದಲೇ ಸರಿಯಾಗಿರುತ್ತವೆ. ಮಾತು ಬೇರೆ ಕಡೆ ತಿರುಗಿದೆ. ದರಪಟ್ಟಿ ಬದಲಾದರೆ ಯಾವ ಪಾಳಿಯಿಂದ ಹೊಸ ದರ? ಸಂಜೆ ಬರೆಯಬೇಕಾದ ಹಾಲನ್ನು ಕರೆಂಟ್ ಹೋಗಿ ಮರುದಿನ ಬರೆದರೆ ಯಾವ ತಾರೀಖು? ಇವಕ್ಕೆ ಸೆಮ್‌ಗ್ರೆಪ್‌ನಲ್ಲಿ ಮಾದರಿ ಬರೆಯಲು ಆಗುವುದಿಲ್ಲ. ಇವಕ್ಕೆ ಉತ್ತರ ಗೊತ್ತಿರುವುದು ಡೇರಿಯಲ್ಲಿ ಕೂತವರಿಗೆ.

ಹಾಗಾಗಿ ಅದೇ ಕಾರ್ಯದರ್ಶಿಯವರು ಕೈಯಲ್ಲಿ ಮಾಡಿದ ಲೆಕ್ಕದ ಬಿಲ್ಲುಗಳನ್ನು ಕೇಳಿ ಪಡೆಯಲಾಗಿದೆ. ಸದಸ್ಯರ ಹೆಸರು ತೆಗೆದು, ಹಾಲು, ಫ್ಯಾಟ್, ದರ, ಮೊತ್ತ ಮಾತ್ರ ಉಳಿಸಿಕೊಂಡು ಅವನ್ನು ಟೆಸ್ಟ್ ಆಗಿ ಸೇರಿಸಲಾಗಿದೆ. ಅವಧಿ ಬದಲಾಗುವ ದಿನದ ಬಿಲ್ಲು ಅದರಲ್ಲಿ ಇದೆ, ಅರ್ಧ ಪೈಸೆ ಬರುವ ಬಿಲ್ಲೂ ಇದೆ. ಆ ಫೋಲ್ಡರ್ ಮುಟ್ಟಲು ಸಹಾಯಕಕ್ಕೆ ಅನುಮತಿ ಇಲ್ಲ. ಬಿಲ್ಲಿಂಗ್‌ನಲ್ಲಿ ಒಂದು ಸಾಲು ಬದಲಾದರೂ ಆ ಎಲ್ಲ ಬಿಲ್ಲುಗಳೂ ಪೈಸೆಗೆ ಪೈಸೆ ತಾಳೆ ಆಗಬೇಕು. ಮುಂದೆ ಸೇರಬೇಕಾದದ್ದು ಅವಧಿಯ ನಡುವೆ ದರ ಬದಲಾದ ತಿಂಗಳಿನ ಬಿಲ್ಲುಗಳು. ಅವನ್ನು ಹುಡುಕಿ ಕೊಡುತ್ತೇನೆ ಎಂದು ಕಾರ್ಯದರ್ಶಿಯವರು ಹೇಳಿದ್ದಾರೆ.